ಕೈಬಿಡುವ ಮೊದಲು ಕಲಿಸಿದ್ದೇವೆಯೇ?
ಇತಿಹಾಸದ ಬೆಳಕಿನಲ್ಲಿ ಮನೆಯ ಬೆಕ್ಕು

ಕಳೆದ ಮಳೆಗಾಲದ ಒಂದು ಶುಕ್ರವಾರ. ಜುಮಾ ನಮಾಝ್ ಮುಗಿಸಿ ಹೊರಬಂದಾಗ ಮಸೀದಿಯ ಗೇಟಿನ ಬಳಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಮಳೆಗೆ ನೆನೆದು ಮೆತ್ತಗಾಗಿದ್ದ ಆ ಪೆಟ್ಟಿಗೆಯೊಳಗೆ ಮೂರು ಬೆಕ್ಕಿನ ಮರಿಗಳಿದ್ದವು. ಯಾರೋ ರಾತ್ರಿಯೇ ತಂದಿಟ್ಟು ಹೋಗಿದ್ದರು. ಮಸೀದಿಯ ಬಾಗಿಲಲ್ಲಿ ಇಟ್ಟರೆ ಯಾರಾದರೂ ನೋಡಿಕೊಳ್ಳುತ್ತಾರೆ ಎಂಬ ಭರವಸೆ ಅವರದ್ದಿರಬಹುದು.

ಅಲ್ಲಿ ನಿಂತಿದ್ದವರಲ್ಲಿ ಒಬ್ಬರು ಖತೀಬರನ್ನು ಕೇಳಿದರು: “ಉಸ್ತಾದ್, ನಮ್ಮ ಮನೆಯಲ್ಲೂ ಒಂದಿದೆ. ದಿನಾ ಮುಸಲ್ಲಾದ ಮೇಲೆ ಮೂತ್ರ ಮಾಡ್ತದೆ. ಮೀನು ಮಾರ್ಕೆಟ್ ಹತ್ತಿರ ಬಿಟ್ಟುಬಂದ್ರೆ ಅದರ ಹೊಟ್ಟೆಗೇನೂ ಕಡಿಮೆಯಾಗ್ಲಿಕ್ಕಿಲ್ಲ. ತಪ್ಪಾಗ್ತದಾ?”

ಉಸ್ತಾದರು ಮರುಪ್ರಶ್ನೆ ಹಾಕಿದರು: “ಎಲ್ಲಿ ಹೋಗಬೇಕೂಂತ ಅದಕ್ಕೆ ನೀವು ಕಲಿಸಿದ್ದೀರಾ?”

“ಬೆಕ್ಕಿಗೆ ಕಲಿಸೋದಾ!” ಎಂದು ಸುತ್ತಲಿದ್ದವರು ನಕ್ಕರು. ನಾವೂ ನಕ್ಕೆವು. ಆದರೆ ಆ ನಗು ನಮ್ಮ ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಲವು ವರ್ಷಗಳ ಹಿಂದೆ ನಾವೂ ಒಂದು ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಅದೇ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟುಬಂದಿದ್ದೆವು. ಕಾರಣವೂ ಅದೇ, ಮುಸಲ್ಲಾ. ಅದಕ್ಕೆ ನಾವು ಏನನ್ನೂ ಕಲಿಸಿರಲಿಲ್ಲ. ಹಿಡಿಸೂಡಿಯಿಂದ ಹೊಡೆದಿದ್ದೆವು, ಅಷ್ಟೇ.

ಬೆಕ್ಕಿನ ಮೇಲಿನ ಪ್ರೀತಿಯ ಕಥೆಗಳು ನಮ್ಮ ಸಮುದಾಯದಲ್ಲಿ ಬೇಕಾದಷ್ಟಿವೆ. ಆದರೆ ನಮ್ಮ ಹಿರಿಯರ ಇತಿಹಾಸವನ್ನು ಸ್ವಲ್ಪ ಎಚ್ಚರದಿಂದ ಓದಿದರೆ ಅಲ್ಲಿ ಪ್ರೀತಿಯ ಜೊತೆಗೆ ಹೊಣೆಗಾರಿಕೆಯ ಒಂದು ದೀರ್ಘ ಪಾಠವೂ ಕಾಣುತ್ತದೆ. ಉಸ್ತಾದರ ಆ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಇತಿಹಾಸದ ಕೆಲವು ಪುಟಗಳನ್ನು ಇಲ್ಲಿ ನೋಡೋಣ.

ಕಣಜದಿಂದ ಮನೆಯೊಳಗೆ

ಕುದುರೆ, ಒಂಟೆಗಳನ್ನು ಮನುಷ್ಯನು ಹಿಡಿದು ತಂದು ಪಳಗಿಸಿದನು. ಬೆಕ್ಕಿನ ಕಥೆ ಬೇರೆ. ಪಶ್ಚಿಮ ಏಷ್ಯಾದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಜನರು ಬೇಸಾಯ ಆರಂಭಿಸಿ ಧಾನ್ಯವನ್ನು ಕೂಡಿಡತೊಡಗಿದಾಗ ಕಣಜಗಳಿಗೆ ಇಲಿಗಳು ಬಂದವು. ಇಲಿಗಳನ್ನು ಹುಡುಕಿಕೊಂಡು ಕಾಡುಬೆಕ್ಕುಗಳು ಬಂದವು. ಮನುಷ್ಯನಿಗೂ ಅವುಗಳಿಂದ ಪ್ರಯೋಜನವಿತ್ತು, ಓಡಿಸಲಿಲ್ಲ. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಗೋರಿಯ ಪಕ್ಕದಲ್ಲೇ ಬೆಕ್ಕೊಂದನ್ನು ಹೂತಿದ್ದನ್ನು 2004ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ದ್ವೀಪದಲ್ಲಿ ಮೂಲತಃ ಕಾಡುಬೆಕ್ಕುಗಳಿರಲಿಲ್ಲ. ಅಂದರೆ ಯಾರೋ ಅದನ್ನು ದೋಣಿಯಲ್ಲಿ ತಮ್ಮ ಜೊತೆ ಕರೆತಂದಿದ್ದರು.

ಈ ಹಿನ್ನೆಲೆಯನ್ನು ಅರಿತರೆ ಬೆಕ್ಕಿನ ಸ್ವಭಾವ ಅರ್ಥವಾಗುತ್ತದೆ. ಆಜ್ಞೆ ಪಾಲಿಸುವುದಕ್ಕಾಗಿ ಅದು ಮನುಷ್ಯನ ಬಳಿಗೆ ಬಂದದ್ದಲ್ಲ. ತನಗೆ ಅನುಕೂಲವಾದಲ್ಲಿ ಇರುತ್ತದೆ, ಅನುಕೂಲವಾದದ್ದನ್ನು ಕಲಿಯುತ್ತದೆ. “ಬೆಕ್ಕು ಹೇಳಿದ ಮಾತು ಕೇಳುವುದಿಲ್ಲ” ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದರೆ, ನಾವು ಅದಕ್ಕೆ ಅರ್ಥವಾಗುವ ರೀತಿಯಲ್ಲಿ ಹೇಳಿರುವುದಿಲ್ಲ.

ಮದೀನಾದ ಮನೆಗಳಲ್ಲಿ

ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಯ ನಿಜನಾಮ ನಮ್ಮಲ್ಲಿ ಅನೇಕರಿಗೆ ತಕ್ಷಣ ನೆನಪಾಗದು. ಯಮನ್‌ನ ದೌಸ್ ಗೋತ್ರದ ಅಬ್ದುರ್ರಹ್ಮಾನ್(ರ) ಖೈಬರ್ ಯುದ್ಧದ ವರ್ಷವಾದ ಹಿಜರಿ 7ರಲ್ಲಿ ಮದೀನಾಕ್ಕೆ ಬಂದರು. ಲೋಕ ಅವರನ್ನು ಗುರುತಿಸುವುದು ಅಬೂ ಹುರೈರಾ, ಅಂದರೆ ಪುಟ್ಟ ಬೆಕ್ಕಿನವರು ಎಂಬ ಹೆಸರಿನಿಂದ. ಈ ಹೆಸರು ಬಂದ ಬಗೆಯನ್ನು ಅವರೇ ಹೇಳಿದ್ದು ತಿರ್ಮಿದಿಯಲ್ಲಿದೆ. ಮನೆಯವರ ಕುರಿ ಮೇಯಿಸುತ್ತಿದ್ದ ದಿನಗಳಲ್ಲಿ ಅವರ ಬಳಿ ಒಂದು ಬೆಕ್ಕಿನ ಮರಿಯಿತ್ತು. ರಾತ್ರಿ ಅದನ್ನು ಮರದಲ್ಲಿ ಇರಿಸುತ್ತಿದ್ದರು, ಹಗಲು ತಮ್ಮೊಂದಿಗೆ ಕರೆದೊಯ್ದು ಅದರ ಜೊತೆ ಆಡುತ್ತಿದ್ದರು. ಕುರಿ ಕಾಯುವ ಒಬ್ಬ ಬಡ ಯುವಕ ಆ ಮರಿಗೂ ರಾತ್ರಿಗೊಂದು, ಹಗಲಿಗೊಂದು ಕ್ರಮವನ್ನು ಇಟ್ಟುಕೊಂಡಿದ್ದರು. ಬೆಕ್ಕು ಸಾಕುವವರು ಮೊದಲು ಗಮನಿಸಬೇಕಾದದ್ದು ಆ ಕ್ರಮವನ್ನು.

ಎರಡನೆಯ ಘಟನೆ ಅಬೂ ಕತಾದಾ(ರ) ಅವರ ಮನೆಯದು. ಇಮಾಮ್ ಮಾಲಿಕ್(ರಹ್) ಅವರ ಮುವತ್ತಾದಲ್ಲೂ ಅಬೂದಾವೂದ್, ತಿರ್ಮಿದಿಗಳಲ್ಲೂ ಇದು ಬಂದಿದೆ. ಸೊಸೆ ಕಬ್‌ಶಾ(ರ) ಮಾವನಿಗೆ ವುಝೂವಿಗೆ ನೀರು ತಂದಿಟ್ಟರು. ಬೆಕ್ಕೊಂದು ಬಂದು ಕುಡಿಯಲು ನೋಡಿತು. ಅಬೂ ಕತಾದಾ(ರ) ಅದಕ್ಕೆ ಅನುಕೂಲವಾಗುವಂತೆ ಪಾತ್ರೆಯನ್ನೇ ವಾಲಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುತ್ತಿರುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲವೆಂದೂ ಅದು ನಿಮ್ಮ ನಡುವೆ ಸುತ್ತಾಡುತ್ತಿರುವವುಗಳಲ್ಲಿ ಸೇರಿದೆಯೆಂದೂ ಪ್ರವಾದಿ(ಸ) ಅವರು ಹೇಳಿರುವುದನ್ನು ತಿಳಿಸಿದರು.

ಇಲ್ಲಿ ‘ಸುತ್ತಾಡುವವರು’ ಎಂಬರ್ಥದ ಅರಬಿ ಪದದ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಪವಿತ್ರ ಕುರ್‌ಆನಿನ ಸೂರಃ ಅನ್ನೂರ್‌ನ 58ನೇ ಆಯತ್‌ನಲ್ಲಿ ಇದೇ ಪದ ಮನೆಯ ಸೇವಕರಿಗೂ ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳಿಗೂ ಸಂಬಂಧಿಸಿ ಬಂದಿದೆ. ಅವರು ಮನೆಯೊಳಗೆ ಸದಾ ಓಡಾಡುವವರು. ಆದ್ದರಿಂದ ಪ್ರತಿ ಸಲ ಅನುಮತಿ ಕೇಳಬೇಕಾಗಿಲ್ಲ. ಆದರೆ ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ವೇಳೆ ಮತ್ತು ಇಶಾದ ನಂತರ, ಈ ಮೂರು ಹೊತ್ತುಗಳಲ್ಲಿ ಅನುಮತಿ ಕೇಳಿಯೇ ಒಳಬರಬೇಕು. ಹದೀಸ್‌ನ ಮಾತನ್ನು ಉಲಮಾಗಳು ಈ ಆಯತ್‌ನೊಂದಿಗೆ ಸೇರಿಸಿ ಓದಿದ್ದಾರೆ. ಮನೆಯವರಂತೆ ಓಡಾಡುವ ಪ್ರಾಣಿಯ ಎಂಜಲನ್ನು ತಪ್ಪಿಸಿಕೊಳ್ಳುವುದು ಕಷ್ಟ, ಹಾಗಾಗಿ ಅಲ್ಲಾಹನು ಸುಲಭ ಮಾಡಿಕೊಟ್ಟನು ಎಂದು ವಿವರಿಸಿದ್ದಾರೆ. ಹನಫೀ ಮದ್‌ಹಬ್‌ನಲ್ಲಿ ಆ ನೀರು ಮಕ್ರೂಹ್ ಎಂಬ ಅಭಿಪ್ರಾಯವಿದ್ದರೂ ಅಶುದ್ಧವೆಂದು ಹೇಳಿಲ್ಲ.

ನಮಗೆ ಇದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ಆ ಆಯತ್‌ನಲ್ಲಿ ಮನೆಯ ಮಕ್ಕಳಿಗೆ ಸಲಿಗೆಯೂ ಇದೆ, ಮೂರು ಹೊತ್ತಿನ ನಿಯಮವೂ ಇದೆ. ನಿಯಮವನ್ನು ಕಲಿಸುವ ಹೊಣೆ ಮಕ್ಕಳದ್ದಲ್ಲ, ಮನೆಯ ಹಿರಿಯರದ್ದು. ಬೆಕ್ಕಿಗೆ ಆಯತ್ ಅನ್ವಯಿಸುವುದಿಲ್ಲ, ಅದಕ್ಕೆ ವಿಧಿನಿಷೇಧಗಳಿಲ್ಲ. ಆದರೂ ಮನೆಯಲ್ಲಿ ಸುತ್ತಾಡಲು ಬಿಟ್ಟ ಮೇಲೆ ಅದರ ಓಡಾಟಕ್ಕೊಂದು ರೀತಿಯನ್ನು ರೂಢಿ ಮಾಡಿಸಬೇಕಾದವರು ನಾವೇ. ಅದರ ಎಂಜಲು ನಜೀಸ್ ಅಲ್ಲ, ಆದರೆ ಮಲಮೂತ್ರ ನಜೀಸ್. ಮುಸಲ್ಲಾವನ್ನು ಕಾಪಾಡಬೇಕಾದರೆ ಬೆಕ್ಕಿಗೆ ಬೇರೊಂದು ಜಾಗವನ್ನು ತೋರಿಸಲೇಬೇಕು.

ಕಟ್ಟಿಹಾಕಿದ ಹೆಂಗಸು

ಬೆಕ್ಕಿನ ಕಾರಣಕ್ಕೆ ಶಿಕ್ಷೆಗೊಳಗಾದ ಸ್ತ್ರೀಯ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಅದನ್ನು ಖುತ್ಬಾಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಅವಳು ಬೆಕ್ಕನ್ನು ಕೂಡಿಹಾಕಿದಳು. ತಾನೂ ಅನ್ನ ನೀರು ಕೊಡಲಿಲ್ಲ, ನೆಲದ ಮೇಲಿನ ಹುಳಹುಪ್ಪಟೆಗಳನ್ನು ತಿಂದು ಬದುಕಲೂ ಬಿಡಲಿಲ್ಲ. ಅದು ಸತ್ತಿತು.

ಇಲ್ಲಿ ಎರಡು ದಾರಿಗಳನ್ನು ಹೇಳಲಾಗಿದೆ. ಇಟ್ಟುಕೊಂಡರೆ ಉಣಿಸಬೇಕು, ಉಣಿಸಲಾಗದಿದ್ದರೆ ಅದು ತಾನೇ ಹುಡುಕಿ ತಿನ್ನುವಂತೆ ಬಿಡಬೇಕು. “ಹಾಗಾದರೆ ಮೀನು ಮಾರುಕಟ್ಟೆಯಲ್ಲಿ ಬಿಡುವುದು ಎರಡನೆಯ ದಾರಿಯಲ್ಲವೇ?” ಎಂದು ಅಂದು ನಾವು ನಮ್ಮನ್ನೇ ಸಮಾಧಾನ ಮಾಡಿಕೊಂಡಿದ್ದೆವು. ಇಂದು ಆ ಸಮಾಧಾನ ಉಳಿದಿಲ್ಲ. ಹುಟ್ಟಿದಂದಿನಿಂದ ತಟ್ಟೆಯ ಅನ್ನವನ್ನೇ ತಿಂದು ಬೆಳೆದ ಪ್ರಾಣಿಗೆ ಬೇಟೆ ಗೊತ್ತಿರುವುದಿಲ್ಲ. ಅಲ್ಲಿ ಮೊದಲೇ ಇರುವ ಬೆಕ್ಕುಗಳು ಅದನ್ನು ಹತ್ತಿರ ಸೇರಿಸುವುದಿಲ್ಲ. ಬಾಗಿಲು ತೆರೆದಿರುತ್ತದೆ ಎಂಬುದು ನಿಜ, ಆದರೆ ಊಟದ ದಾರಿ ಮುಚ್ಚಿರುತ್ತದೆ.

ತೋಳಿನ ಕಥೆ

ಪ್ರವಾದಿ(ಸ) ಅವರ ಬಳಿ ಮುಅಝ್ಝಾ ಎಂಬ ಬೆಕ್ಕಿತ್ತು, ಅದು ನಿಲುವಂಗಿಯ ತೋಳಿನ ಮೇಲೆ ಮಲಗಿದ್ದಾಗ ಎಬ್ಬಿಸದೆ ತೋಳನ್ನೇ ಕತ್ತರಿಸಿದರು ಎಂಬ ಕಥೆ ಎಲ್ಲೆಡೆ ಹರಿದಾಡುತ್ತದೆ. ಆದರೆ ಪ್ರಮಾಣಿತ ಹದೀಸ್ ಗ್ರಂಥಗಳಲ್ಲಿ ಇದಿಲ್ಲ. ಪ್ರವಾದಿ(ಸ) ಅವರು ಹೇಳದ್ದನ್ನು, ಮಾಡದ್ದನ್ನು ಅವರ ಹೆಸರಿಗೆ ಸೇರಿಸುವುದು ಗಂಭೀರ ವಿಷಯ, ಕಥೆ ಎಷ್ಟೇ ಮಧುರವಾಗಿರಲಿ.

ಇದೇ ಬಗೆಯ ಘಟನೆ ಇರಾಕಿನ ಶೈಖ್ ಅಹ್ಮದ್ ರಿಫಾಈ(ರಹ್) ಅವರ ಚರಿತ್ರೆಯಲ್ಲಿ ದಾಖಲಾಗಿದೆ. ಹಿ.ಶ. 578ರಲ್ಲಿ (ಕ್ರಿ.ಶ. 1182) ನಿಧನರಾದ ಅವರ ಹೆಸರಿನ ರಾತೀಬ್ ನಮ್ಮ ಕರಾವಳಿಗೂ ಪರಿಚಿತ. ಬೆಕ್ಕು ತೋಳಿನ ಮೇಲೆ ನಿದ್ರಿಸುತ್ತಿದ್ದಾಗ ನಮಾಝ್‌ನ ಸಮಯವಾಯಿತು. ಅವರು ತೋಳನ್ನು ಕತ್ತರಿಸಿ ನಮಾಝ್‌ಗೆ ಎದ್ದರು. ಮರಳಿ ಬಂದಾಗ ಬೆಕ್ಕು ಎದ್ದುಹೋಗಿತ್ತು. ಕತ್ತರಿಸಿದ ತುಂಡನ್ನು ತೆಗೆದು ಮತ್ತೆ ಹೊಲಿದುಕೊಂಡರು. ಕಥೆ ಹೇಳುವವರು ಕತ್ತರಿಸಿದ್ದನ್ನು ಹೇಳುತ್ತಾರೆ, ಹೊಲಿದದ್ದನ್ನು ಬಿಡುತ್ತಾರೆ. ಕರುಣೆ ತೋರಿದ ಮೇಲೆ ಬರುವ ದುಡಿಮೆಯೂ ತಮ್ಮದೇ ಎಂದು ಶೈಖರು ಸೂಜಿ ಹಿಡಿದರು. ಬೆಕ್ಕು ಸಾಕುವವರ ದಿನನಿತ್ಯದ ಕೆಲಸದಲ್ಲಿ ಹೆಚ್ಚಿನ ಪಾಲು ಈ ಹೊಲಿಗೆಯ ಜಾತಿಗೇ ಸೇರಿದ್ದು.

ನೆರೆಯವರ ಪಾರಿವಾಳಗಳು

ಬಗ್ದಾದಿನಲ್ಲಿ ಇಬ್ನುಲ್ ಅಲ್ಲಾಫ್ ಎಂಬ ಅಂಧ ಕವಿಯಿದ್ದರು. ಹಿಜರಿ ನಾಲ್ಕನೇ ಶತಮಾನದ ಆರಂಭದಲ್ಲಿ ನಿಧನರಾದವರು. ಚರಿತ್ರಕಾರ ಇಬ್ನು ಖಲ್ಲಿಕಾನ್ ಅವರ ಬೆಕ್ಕಿನ ಕಥೆಯನ್ನು ದಾಖಲಿಸಿದ್ದಾರೆ. ಆ ಬೆಕ್ಕು ನೆರೆಯವರ ಪಾರಿವಾಳದ ಗೂಡಿಗೆ ನುಗ್ಗಿ ಮರಿಗಳನ್ನು ತಿನ್ನುವುದನ್ನು ಅಭ್ಯಾಸ ಮಾಡಿಕೊಂಡಿತು. ಒಂದು ಸಲ, ಎರಡು ಸಲ, ಮತ್ತೆ ಮತ್ತೆ. ಕೊನೆಗೆ ಪಾರಿವಾಳದವರು ಅದನ್ನು ಹಿಡಿದು ಕೊಂದರು. ಕವಿ ದುಃಖದಿಂದ ದೀರ್ಘ ಶೋಕಗೀತೆಯೊಂದನ್ನು ರಚಿಸಿದರು. ಅದು ಅರಬಿ ಸಾಹಿತ್ಯದಲ್ಲಿ ಪ್ರಸಿದ್ಧವಾಯಿತು. ಬೆಕ್ಕು ನೆಪ ಮಾತ್ರ, ಕವಿ ನಿಜವಾಗಿ ಅತ್ತದ್ದು ಕೊಲೆಗೀಡಾದ ಅಬ್ಬಾಸಿ ರಾಜಕುಮಾರ ಇಬ್ನುಲ್ ಮುಅ್‌ತಝ್ಝ್‌ಗಾಗಿ ಎಂದವರೂ ಇದ್ದಾರೆ.

ಶೋಕಗೀತೆ ಉಳಿಯಿತು. ಆದರೆ ಪಾರಿವಾಳ ಕಳೆದುಕೊಂಡವನ ಪಾಡೇನು? ಈ ಪ್ರಶ್ನೆಯನ್ನು ಕೇಳಿದವರು ಫುಕಹಾಗಳು. ಶಾಫಿಈ ಮದ್‌ಹಬ್‌ನ ಮಹಾನ್ ವಿದ್ವಾಂಸ ಇಮಾಮ್ ನವವಿ(ರಹ್) ತಮ್ಮ ‘ಮಿನ್‌ಹಾಜ್’ ಗ್ರಂಥದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದ್ದಾರೆ. ಬೆಕ್ಕು ಇತರರ ಹಕ್ಕಿಯನ್ನೋ ಆಹಾರವನ್ನೋ ಹಾಳು ಮಾಡಿದರೆ, ಮತ್ತು ಅದಕ್ಕೆ ಆ ಅಭ್ಯಾಸವಿರುವುದು ಮೊದಲೇ ಗೊತ್ತಿದ್ದರೆ, ಹಗಲಾಗಲಿ ರಾತ್ರಿಯಾಗಲಿ ಮಾಲಕನೇ ನಷ್ಟ ತುಂಬಿಕೊಡಬೇಕು ಎಂಬುದು ಪ್ರಬಲ ಅಭಿಪ್ರಾಯ. ಅಭ್ಯಾಸವಿರಲಿಲ್ಲ ಎಂದಾದರೆ ಹೊಣೆಯಿಲ್ಲ.

ಎಷ್ಟು ಸೂಕ್ಷ್ಮವಾದ ಮಾತು ಇದು! “ಅದು ಬೆಕ್ಕು, ನಾನೇನು ಮಾಡಲಿ?” ಎಂಬ ಉತ್ತರ ಮೊದಲ ಸಲಕ್ಕೆ ಮಾತ್ರ ನಡೆಯುತ್ತದೆ. ಗೊತ್ತಾದ ಮೇಲೂ ಸುಮ್ಮನಿದ್ದರೆ ಅಪರಾಧ ಬೆಕ್ಕಿನದ್ದಲ್ಲ, ಮಾಲಕನದ್ದು. ಇಂದು ನೆರೆಮನೆಯ ಕೋಳಿಮರಿ ಕಾಣೆಯಾದಾಗ, ಪಕ್ಕದ ಮನೆಯ ಅಂಗಳದಲ್ಲಿ ನಮ್ಮ ಬೆಕ್ಕು ದಿನಾ ಗಲೀಜು ಮಾಡುವಾಗ ಈ ಮಸ್‌ಅಲಾವನ್ನು ನಾವು ನೆನೆಯುತ್ತೇವೆಯೇ?

ಹೀಗೆ ಎರಡು ಗಡಿಗಳು ನಮ್ಮ ಮುಂದಿವೆ. ಕೂಡಿಹಾಕಿ ಹಸಿವಿಗೆ ತಳ್ಳಬಾರದು ಎಂಬುದು ಒಂದು. ಹೇಗೆಂದರೆ ಹಾಗೆ ಬಿಟ್ಟು ನೆರೆಯವರಿಗೆ ನಷ್ಟ ಮಾಡಬಾರದು ಎಂಬುದು ಇನ್ನೊಂದು. ಇವೆರಡರ ನಡುವೆ ಬೆಕ್ಕು ಸಾಕಬೇಕಾದರೆ ಅದಕ್ಕೆ ಕಲಿಸದೆ ಬೇರೆ ದಾರಿಯಿಲ್ಲ.

ಕೈರೋದ ತೋಟ, ಕಾಝಿಯ ಅಂಗಳ

ಇಮಾಮ್ ನವವಿ(ರಹ್) ನಿಧನರಾದ ಹಿ.ಶ. 676ರಲ್ಲೇ (ಕ್ರಿ.ಶ. 1277) ಈಜಿಪ್ಟ್ ಮತ್ತು ಸಿರಿಯಾದ ಮಮ್ಲೂಕ್ ಸುಲ್ತಾನ್ ಬೈಬರ್ಸ್ ಕೂಡ ತೀರಿಕೊಂಡರು. ಜನರ ಮೇಲಿನ ತೆರಿಗೆಯ ವಿಷಯದಲ್ಲಿ ಇಮಾಮರು ಈ ಸುಲ್ತಾನರಿಗೆ ನಿಷ್ಠುರವಾಗಿ ಪತ್ರ ಬರೆದದ್ದು ಪ್ರಸಿದ್ಧ. ಅದೇ ಸುಲ್ತಾನರು ಕೈರೋದ ಉತ್ತರ ಭಾಗದಲ್ಲಿರುವ ತಮ್ಮ ಮಸೀದಿಯ ಸಮೀಪ ಒಂದು ತೋಟವನ್ನು ಬೆಕ್ಕುಗಳಿಗಾಗಿ ಬಿಟ್ಟುಹೋದರು. ‘ಬೆಕ್ಕಿನ ತೋಟ’ ಎಂದೇ ಅದು ಹೆಸರಾಯಿತು.

ಮುಂದೇನಾಯಿತು? 1836ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎಡ್ವರ್ಡ್ ಲೇನ್ ಎಂಬ ಆಂಗ್ಲ ವಿದ್ವಾಂಸ ಇದನ್ನು ವಿವರಿಸಿದ್ದಾನೆ. ನೋಡಿಕೊಳ್ಳಬೇಕಾದವರೇ ತೋಟವನ್ನು ಮಾರಿದರು. ಕೊಂಡವರು ಮತ್ತೆ ಮಾರಿದರು. ಕೊನೆಗೆ ಬೆಕ್ಕುಗಳ ಪಾಲಿಗೆ ಉಳಿದದ್ದು ವರ್ಷಕ್ಕೆ 15 ಪಿಯಾಸ್ಟರ್ ನೆಲಬಾಡಿಗೆ ಮಾತ್ರ. ವಕ್ಫ್‌ಗಳ ರಕ್ಷಕನೆಂಬ ನೆಲೆಯಲ್ಲಿ ಖರ್ಚು ಕಾಝಿಯ ಮೇಲೆ ಬಿತ್ತು. ಪ್ರತಿದಿನ ಅಸ್ರ್‌ನ ಹೊತ್ತಿಗೆ ನ್ಯಾಯಾಲಯದ ದೊಡ್ಡ ಅಂಗಳದಲ್ಲಿ ಬೆಕ್ಕುಗಳಿಗೆ ಮಾಂಸದ ಚೂರುಗಳನ್ನು ಹಾಕುವ ರೂಢಿಯಿತ್ತು. ನಂತರ ಅದೂ ಸರಿಯಾಗಿ ನಡೆಯಲಿಲ್ಲ.

ಲೇನ್ ಬರೆದ ಇನ್ನೊಂದು ಮಾತು ನಮ್ಮ ಮಸೀದಿಯ ಗೇಟಿನ ಬಳಿಯ ಆ ರಟ್ಟಿನ ಪೆಟ್ಟಿಗೆಯನ್ನು ನೆನಪಿಸಿತು. ಬೆಕ್ಕು ಬೇಡವಾದ ಕೈರೋದ ಜನರು ಅದನ್ನು ಕಾಝಿಯ ಅಂಗಳಕ್ಕೆ ತಂದು ಬಿಟ್ಟು ಹೋಗುತ್ತಿದ್ದರಂತೆ. ಸುಲ್ತಾನನ ತೋಟ, ಕಾಝಿಯ ಅಂಗಳ, ಮಸೀದಿಯ ಗೇಟು: ತಮ್ಮ ಮನೆಯ ಹೊಣೆಯನ್ನು ಧಾರ್ಮಿಕ ಸ್ಥಳದ ಬಾಗಿಲಿಗೆ ದಾಟಿಸುವ ಅಭ್ಯಾಸ ಇಂದಿನದ್ದಲ್ಲ. ಒಬ್ಬ ಸುಲ್ತಾನನ ಔದಾರ್ಯ ಎಷ್ಟು ದೊಡ್ಡದಾದರೂ ಸಾವಿರ ಮನೆಗಳು ಕೈಬಿಟ್ಟದ್ದನ್ನು ಅದು ತುಂಬಲಾರದು.

ಅದೇ ಕೈರೋದ ಇನ್ನೊಂದು ಘಟನೆ ಇನ್ನೂ ಹಳೆಯದು. ಹಿ.ಶ. 469ರಲ್ಲಿ ನಿಧನರಾದ ವ್ಯಾಕರಣ ಪಂಡಿತ ಇಬ್ನು ಬಾಬ್‌ಶಾದ್ ಗೆಳೆಯರೊಂದಿಗೆ ಮಸೀದಿಯ ಮಾಳಿಗೆಯ ಮೇಲೆ ಊಟ ಮಾಡುತ್ತಿದ್ದರು. ಬೆಕ್ಕೊಂದು ಬಂತು. ಒಂದು ತುತ್ತು ಕೊಟ್ಟರು, ಕಚ್ಚಿಕೊಂಡು ಹೋಯಿತು. ಮತ್ತೆ ಬಂತು, ಮತ್ತೆ ಒಯ್ದಿತು. ಇಷ್ಟನ್ನು ಅದೊಂದೇ ತಿನ್ನುವುದು ಸಾಧ್ಯವಿಲ್ಲ ಎನಿಸಿ ಹಿಂಬಾಲಿಸಿ ನೋಡಿದರೆ, ಪಾಳುಬಿದ್ದ ಜಾಗವೊಂದರಲ್ಲಿ ಕುರುಡು ಬೆಕ್ಕಿಗೆ ಆ ತುತ್ತುಗಳನ್ನು ಕೊಡುತ್ತಿತ್ತು. ಈ ಮೂಕಪ್ರಾಣಿಗೆ ಅನ್ನ ತಲುಪಿಸುವವನು ನನ್ನನ್ನು ಬಿಡುವನೇ ಎಂದು ಪಂಡಿತರು ತಮ್ಮ ಸರಕಾರಿ ಹುದ್ದೆಯನ್ನು ತೊರೆದು ಅಲ್ಲಾಹನ ಮೇಲೆ ಭರವಸೆಯಿಟ್ಟು ಬದುಕಿದರು ಎನ್ನುತ್ತದೆ ಚರಿತ್ರೆ. ನಮಗೆ ಹುದ್ದೆ ಬಿಡುವ ಎತ್ತರವಿಲ್ಲ. ಆದರೆ ಅವರು ಎದ್ದು ಹಿಂಬಾಲಿಸಿ ನೋಡಿದರಲ್ಲ, ಅಷ್ಟನ್ನು ಕಲಿಯಬಹುದು. ಬೆಕ್ಕು ಏಕೆ ಹಾಗೆ ಮಾಡುತ್ತಿದೆ ಎಂದು ನೋಡುವ ಮೊದಲೇ ನಮ್ಮ ಕೈಗೆ ಹಿಡಿಸೂಡಿ ಬಂದಿರುತ್ತದೆ.

ಬಿಸಿ ಹಾಲಿನ ಪಾಠ

ಕನ್ನಡಿಗರಿಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತು. ವಿಜಯನಗರದಲ್ಲಿ ಇಲಿಕಾಟ ಹೆಚ್ಚಾದಾಗ ಕೃಷ್ಣದೇವರಾಯನು ಬೆಕ್ಕಿನ ಮರಿಗಳನ್ನು ಹಂಚಿ, ಅವುಗಳ ಹಾಲಿಗಾಗಿ ಹಸುಗಳನ್ನೂ ಕೊಟ್ಟನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ಅವನ ಮನೆಯವರಿಗೆ ಉಳಿಯಿತು, ಬೆಕ್ಕು ಬಡಕಲಾಯಿತು. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ನಕ್ಕಿದ್ದೇವೆ. ಆದರೆ ಅದರಲ್ಲಿ ಒಂದು ಸತ್ಯ ಅಡಗಿದೆ. ನೋವಿನಿಂದ ಬೆಕ್ಕು ಕಲಿಯುತ್ತದೆ, ಆದರೆ ಕಲಿಯುವುದು ಭಯವನ್ನು ಮಾತ್ರ. ಎಲ್ಲಿ ಹೋಗಬೇಕು ಎಂಬುದನ್ನು ಅದು ಕಲಿಯುವುದಿಲ್ಲ. ನಮ್ಮ ಬೆಕ್ಕು ಹೊಡೆತ ತಿಂದ ಮೇಲೆ ಮುಸಲ್ಲಾ ಬಿಟ್ಟು ಅಕ್ಕಿಚೀಲದ ಹಿಂದೆ, ಮಂಚದಡಿಯಲ್ಲಿ ಹೋಗತೊಡಗಿತ್ತು. ನಾವು ಅದಕ್ಕೆ ಕಲಿಸಿದ್ದು ನಮ್ಮ ಕಣ್ಣು ತಪ್ಪಿಸುವುದನ್ನು.

ಬೆಕ್ಕು ನಿಜವಾಗಿ ಹೇಗೆ ಕಲಿಯುತ್ತದೆ ಎಂಬುದನ್ನು ಮೊದಲು ಅಳೆದು ನೋಡಿದವರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಪ್ರಮುಖ. 1898ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹೊರಗೆ ಆಹಾರವಿಟ್ಟರು. ಚಿಲಕವನ್ನು ಸರಿಯಾಗಿ ಎಳೆದರೆ ಬಾಗಿಲು ತೆರೆಯುತ್ತಿತ್ತು. ಒಂದು ಬೆಕ್ಕಿಗೆ ಮೊದಲ ಸಲ 160 ಸೆಕೆಂಡು ಹಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ಸಲದ ನಂತರ ಏಳೆಂಟು ಸೆಕೆಂಡು ಸಾಕಾಯಿತು. ತೃಪ್ತಿ ಕೊಟ್ಟ ಕೆಲಸ ಮತ್ತೆ ಮತ್ತೆ ನಡೆದು ರೂಢಿಯಾಗುತ್ತದೆ ಎಂದು ಅವರು ತೀರ್ಮಾನಿಸಿದರು. ನಮಗೆ ಹಸಿವಿಗೆ ಕೆಡಹುವ ಅಗತ್ಯವಿಲ್ಲ, ಅದನ್ನು ಹದೀಸ್ ತಡೆದಿದೆ. ಆದರೆ ಇಪ್ಪತ್ತು ಸಲ ಎಂಬ ಮಾತು ನೆನಪಿರಲಿ. ನಾವು ಎರಡೇ ದಿನಕ್ಕೆ ತಾಳ್ಮೆ ಕಳೆದುಕೊಂಡಿದ್ದೆವು. 2019ರಲ್ಲಿ ಜಪಾನಿನ ಸಂಶೋಧಕರು ಸಾಕುಬೆಕ್ಕುಗಳು ತಮ್ಮ ಹೆಸರನ್ನು ಇತರ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದೂ ತೋರಿಸಿದರು. ಕರೆದಾಗ ಬಾರದಿರುವುದು ಕೇಳಿಸದ್ದರಿಂದಲ್ಲ. ಬಂದರೆ ಏನು ಸಿಗುತ್ತದೆ ಎಂಬುದನ್ನು ನಾವು ಕಲಿಸಿಲ್ಲ.

ಈ ಸಲ ನಾವು ಮಾಡಿದ್ದು

ಆ ಶುಕ್ರವಾರದ ಮೂರು ಮರಿಗಳಲ್ಲಿ ಒಂದನ್ನು ನಾವು ಮನೆಗೆ ತಂದೆವು. “ಮತ್ತೆ ತಂದಿರಾ? ಈ ಸಲ ಇದನ್ನು ಎಲ್ಲಿ ಬಿಟ್ಟು ಬರ್ತೀರಿ?” ಎಂದು ಉಮ್ಮ ಕೇಳಿದರು. ಅದಕ್ಕೆ ನಾವು ಉತ್ತರಿಸಲಿಲ್ಲ. ಹಳೆಯ ಅಗಲವಾದ ಪ್ಲಾಸ್ಟಿಕ್ ಟಬ್ ಒಂದನ್ನು ತೆಗೆದು ಎರಡು ಮೂರು ಬೆರಳಿನಷ್ಟು ಒಣ ಮರಳು ತುಂಬಿ, ಜನ ಓಡಾಡದ ಮೂಲೆಯಲ್ಲಿ ಇಟ್ಟೆವು. ಊಟದ ತಟ್ಟೆಯನ್ನು ಅದರಿಂದ ದೂರ ಇಟ್ಟೆವು. ತಿನ್ನುವ ಜಾಗದ ಬಳಿ ಬೆಕ್ಕು ಮಲವಿಸರ್ಜನೆ ಮಾಡಲು ಇಷ್ಟಪಡುವುದಿಲ್ಲ.

ಮಣ್ಣು ಕೆದಕಿ ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಇಲಿಗಳಿಗೆ ವಾಸನೆ ಸಿಗಬಾರದೆಂದು ಅದು ಹಾಗೆ ಮಾಡುತ್ತದೆ ಎಂದು ಹಳೆಯ ಅರಬಿ ಪ್ರಾಣಿಗ್ರಂಥಗಳಲ್ಲಿ ಬರೆದಿದ್ದಾರೆ. ಅಂದರೆ ನಾವು ಹೊಸದೇನನ್ನೂ ಕಲಿಸಬೇಕಾಗಿಲ್ಲ, ಜಾಗ ತೋರಿಸಿದರೆ ಸಾಕು. ತಿಂದ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಮರಿಯನ್ನು ಎತ್ತಿ ಮರಳಿನ ಮೇಲೆ ಬಿಟ್ಟೆವು. ಸರಿಯಾಗಿ ಮಾಡಿದಾಗ ಮೆಲ್ಲನೆ ಹೆಸರು ಹಿಡಿದು ಕರೆದು ಮೀನಿನ ಚೂರು ಕೊಟ್ಟೆವು. ತಪ್ಪಿದಾಗ ಬೈಯಲಿಲ್ಲ. ಆ ಜಾಗವನ್ನು ವಾಸನೆ ಉಳಿಯದಂತೆ ತೊಳೆದೆವು, ಏಕೆಂದರೆ ವಾಸನೆ ಉಳಿದಲ್ಲಿಗೆ ಅದು ಮರಳಿ ಬರುತ್ತದೆ. ಮುಸಲ್ಲಾವನ್ನು ನಮಾಝ್ ಮುಗಿದ ಕೂಡಲೇ ಮಡಚಿ ಎತ್ತಿಡುವ ಅಭ್ಯಾಸವನ್ನು ಮಾಡಿಕೊಂಡವರು ನಾವು. ಆ ಕೆಲಸ ಮೊದಲೂ ಕಷ್ಟದ್ದಾಗಿರಲಿಲ್ಲ.

ಟಬ್ಬನ್ನು ದಿನಾ ಶುಚಿಗೊಳಿಸಬೇಕು. ಗಲೀಜಾದರೆ ಬೆಕ್ಕು ಅಲ್ಲಿಗೆ ಕಾಲಿಡುವುದಿಲ್ಲ, ತಪ್ಪು ಆಗ ನಮ್ಮದೇ. ಗರ್ಭಿಣಿಯರು ಈ ಕೆಲಸವನ್ನು ಮಾಡದೆ ಬೇರೆಯವರಿಗೆ ಬಿಡುವುದು ಒಳ್ಳೆಯದು, ಬೆಕ್ಕಿನ ಮಲದಿಂದ ಹರಡುವ ಸೋಂಕೊಂದು ಗರ್ಭದ ಮಗುವಿಗೆ ಅಪಾಯಕಾರಿ. ಚೆನ್ನಾಗಿ ರೂಢಿಯಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹೊರಗೆ ಹೋಗತೊಡಗಿದರೆ, ಮೂತ್ರಕ್ಕೆ ಕುಳಿತು ತಿಣುಕಿದರೆ, ಅದು ಹಟವಲ್ಲ, ರೋಗ. ಮುಖ್ಯವಾಗಿ ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಕುರ್ಚಿ, ಪರದೆ ಪರಚುವುದನ್ನು ತಪ್ಪಿಸಲು ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಸುತ್ತಿ ನಿಲ್ಲಿಸಿದೆವು. ಉಗುರು ಮಸೆಯುವುದು ಅದರ ಅಗತ್ಯ. ಅದನ್ನು ತಡೆಯುವಂತಿಲ್ಲ, ಜಾಗ ಬದಲಿಸಬಹುದು. ದಿನಕ್ಕೆರಡು ಸಲ ಒಂದೇ ಹೊತ್ತಿಗೆ, ಒಂದೇ ತರದ ಕರೆಯಿಂದ ಕರೆದು ಊಟ ಕೊಟ್ಟರೆ ನೆರೆಯವರ ಅಂಗಳಕ್ಕೆ ಅಲೆದಾಡುವುದೂ ಕಡಿಮೆಯಾಗುತ್ತದೆ. ಮರಿಗಳ ಸಂಖ್ಯೆ ಹೆಚ್ಚಾಗುವ ಚಿಂತೆಯಿರುವವರು ಪೆಟ್ಟಿಗೆ ಹುಡುಕುವ ಮೊದಲು ಪಶುವೈದ್ಯರನ್ನೂ ಬಲ್ಲ ಉಲಮಾಗಳನ್ನೂ ಕೇಳಲಿ.

ಮೂರನೆಯ ವಾರದ ಹೊತ್ತಿಗೆ ಮರಿ ತಾನಾಗಿಯೇ ಮರಳಿಗೆ ಹೋಗತೊಡಗಿತು. ಒಮ್ಮೆ ಗುಡುಗಿಗೆ ಹೆದರಿ ಬಾಗಿಲ ಬಳಿ ತಪ್ಪಿತು. ಉಮ್ಮನೇ ಎದ್ದು ಹೋಗಿ ಒರೆಸಿದರು, ಏನೂ ಹೇಳಲಿಲ್ಲ.

ಪೆಟ್ಟಿಗೆಯ ಮೂರು ಮರಿಗಳಲ್ಲಿ ಒಂದು ಆ ರಾತ್ರಿಯೇ ಸತ್ತಿತು. ಇನ್ನೊಂದನ್ನು ಮದ್ರಸದ ಮಕ್ಕಳಲ್ಲೊಬ್ಬ ಒಯ್ದನು. ಉಸ್ತಾದರಲ್ಲಿ ಪ್ರಶ್ನೆ ಕೇಳಿದವರು ಮುಂದಿನ ವಾರ ನಮ್ಮನ್ನು ಕಂಡು, “ಮರಳು ಎಷ್ಟು ಹಾಕಿದ್ರಿ?” ಎಂದು ಕೇಳಿದರು.

ಮೀನು ಮಾರುಕಟ್ಟೆಯ ಹಿಂದೆ ನಾವು ಬಿಟ್ಟುಬಂದ ಬೆಕ್ಕು ಏನಾಯಿತು ಎಂಬುದು ಅಲ್ಲಾಹನಿಗೆ ಗೊತ್ತು. ಬಿಟ್ಟ ಮರುದಿನ ಆ ದಾರಿಯಲ್ಲೇ ಹೋದರೂ ಇಳಿದು ನೋಡುವ ಧೈರ್ಯ ನಮಗೆ ಬರಲಿಲ್ಲ. ಆ ಲೆಕ್ಕ ನಮ್ಮ ಮೇಲಿದೆ. ಮನೆಯಲ್ಲಿ ಬೆಕ್ಕಿರುವ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಚೀಲ ಕೈಗೆತ್ತಿಕೊಳ್ಳುವ ಮೊದಲು ಒಂದು ಟಬ್ ಮರಳು ಮತ್ತು ಮೂರು ವಾರಗಳ ತಾಳ್ಮೆಯನ್ನು ಕೊಟ್ಟು ನೋಡಿ.

ನಮ್ಮ ನಡುವೆ ಸುತ್ತಾಡುವ ಮೂಕಪ್ರಾಣಿಗಳ ವಿಷಯದಲ್ಲಿ ನಮ್ಮಿಂದಾದ ತಪ್ಪುಗಳನ್ನು ಅಲ್ಲಾಹನು ಕ್ಷಮಿಸಲಿ, ಕರುಣೆಯೊಂದಿಗೆ ಹೊಣೆಯನ್ನೂ ಹೊರುವ ಶಕ್ತಿಯನ್ನು ನಮಗೆ ದಯಪಾಲಿಸಲಿ. ಆಮೀನ್.